ಹರಳು ಸಾಣೆ ಯಂತ್ರದ ದುರಸ್ತಿ: ದೋಷ ಮೋಟಾರಿನದೋ, ವೇಗ ನಿಯಂತ್ರಕದ್ದೋ?

ಹವ್ಯಾಸಿಗಳಿಗೆಂದು ತಯಾರಾದ ಸಣ್ಣ ಹರಳು ಸಾಣೆ ಯಂತ್ರಗಳನ್ನು ಉಂಗುರ, ಪದಕಗಳ ಸಣ್ಣ ತಯಾರಕರೂ ಬಳಸುವುದುಂಟು. ಯಂತ್ರವು ನಿಂತೊಡನೆ ಹೊಸ ಮೋಟಾರನ್ನು ತರಿಸಲು ಮುಂದಾಗುವವರಿದ್ದಾರೆ. ದೋಷವು ವೇಗ ನಿಯಂತ್ರಕದಲ್ಲಿದ್ದರೆ ಆ ಹಣವು ವ್ಯರ್ಥವಾಗುವುದಲ್ಲದೆ, ಒಪ್ಪಿಕೊಂಡ ಕೆಲಸವೂ ವಿಳಂಬವಾಗುತ್ತದೆ.

ರಚನೆ: ವೇಗ ಬದಲಿಸಬಹುದಾದ ಅನೇಕ ಯಂತ್ರಗಳಲ್ಲಿ ಶಾಶ್ವತ ಅಯಸ್ಕಾಂತವುಳ್ಳ ಡಿ.ಸಿ. ಮೋಟಾರು ಇರುತ್ತದೆ. ನಿಯಂತ್ರಕವು ಮನೆಯ ಎ.ಸಿ. ವಿದ್ಯುತ್ತನ್ನು ಡಿ.ಸಿ.ಗೆ ಪರಿವರ್ತಿಸಿ, ಗುಂಡಿಯನ್ನು ತಿರುಗಿಸಿದಂತೆ ವೋಲ್ಟೇಜನ್ನು ಏರಿಳಿಸುತ್ತದೆ. 230 ವೋಲ್ಟ್ ಪೂರೈಕೆಗೆ ಸಾಮಾನ್ಯವಾಗಿ 180 ವೋಲ್ಟ್ ಮೋಟಾರು, 115 ವೋಲ್ಟ್ ಪೂರೈಕೆಗೆ 90 ವೋಲ್ಟ್ ಮೋಟಾರು ಜೋಡಿಯಾಗಿರುತ್ತದೆ. ಅಮೆರಿಕದಿಂದ ತರಿಸಿದ ಯಂತ್ರಗಳಲ್ಲಿ ಈ ಅಂಶವನ್ನು ಮೊದಲು ಪರಿಶೀಲಿಸಬೇಕು.

ಪರೀಕ್ಷಾ ಕ್ರಮ: ಪ್ಲಗ್ಗನ್ನು ಕಿತ್ತ ನಂತರವೇ ಪೆಟ್ಟಿಗೆಯನ್ನು ತೆರೆಯತಕ್ಕದ್ದು. ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು. ಕೆಲಸ ತಿಳಿದ ಎಲೆಕ್ಟ್ರಿಷಿಯನ್ನರಿಂದ ಮಾಡಿಸುವುದು ಕ್ಷೇಮ.

1. ಪೂರೈಕೆ, ಸ್ವಿಚ್ಚು, ಫ್ಯೂಸುಗಳನ್ನು ನೋಡಬೇಕು.

2. ಮೋಟಾರಿನ ತಂತಿಗಳನ್ನು ಬಿಡಿಸಿ, ಆ ಜಾಗದಲ್ಲಿ 230 ವೋಲ್ಟಿನ 100 ವ್ಯಾಟ್ ತಂತಿ ಬಲ್ಬನ್ನು ಜೋಡಿಸಬೇಕು, ಎಲ್.ಇ.ಡಿ. ಬಲ್ಬು ಇದಕ್ಕೆ ಸಲ್ಲದು. ಗುಂಡಿಯೊಡನೆ ಬೆಳಕು ನಯವಾಗಿ ಏರಿಳಿದರೆ ನಿಯಂತ್ರಕವು ಬಹುಮಟ್ಟಿಗೆ ಸರಿಯಿದೆ.

3. ಬೆಲ್ಟನ್ನು ಕಳಚಿ, ಮೋಟಾರಿಗೆ 12 ವೋಲ್ಟ್ ಬ್ಯಾಟರಿಯನ್ನು ಕೊಟ್ಟಾಗ ಅದು ನಿಧಾನವಾಗಿ ತಿರುಗಬೇಕು. ತಿರುಗದಿದ್ದರೆ ಕಾರ್ಬನ್ ಬ್ರಷ್ ಸವೆತ, ಬೇರಿಂಗ್ ಬಿಗಿತ, ನೀರು ಹಾಗೂ ಕಲ್ಲಿನ ಕೆಸರಿನ ಪ್ರವೇಶ ಇವುಗಳನ್ನು ಶಂಕಿಸಬೇಕು.

ಗುಂಡಿಯ ಒಂದೇ ಸ್ಥಾನದಲ್ಲಿ ವೇಗವು ಜಿಗಿದರೆ ಪೊಟೆನ್ಶಿಯೊಮೀಟರ್ ಸವೆದಿರುವ ಸಂಭವವಿದೆ. ಗುಂಡಿ ಎಲ್ಲಿದ್ದರೂ ಪೂರ್ಣ ವೇಗವೇ ಬಂದರೆ ಅದರ ತಂತಿ ಕಡಿದಿರಬಹುದು ಅಥವಾ ಥೈರಿಸ್ಟರ್ ಕೆಟ್ಟಿರಬಹುದು.

ನಿಯಂತ್ರಕವನ್ನು ಬದಲಿಸುವಾಗ ಮೋಟಾರಿನ ಫಲಕದಲ್ಲಿರುವ ವೋಲ್ಟ್, ಆಂಪಿಯರ್, ಅಶ್ವಶಕ್ತಿಗಳಿಗೆ ಹೊಂದುವುದನ್ನೇ ಆರಿಸಬೇಕು. ಕೆಪಾಸಿಟರಿನಿಂದ ಚಾಲನೆಗೊಳ್ಳುವ ಸಿಂಗಲ್ ಫೇಸ್ ಎ.ಸಿ. ಮೋಟಾರಿಗೆ ಡಿ.ಸಿ. ನಿಯಂತ್ರಕವಾಗಲಿ, ಫ್ಯಾನ್ ರೆಗ್ಯುಲೇಟರಾಗಲಿ ಸಲ್ಲದು. ಮೆಟ್ಟಿಲು ಪುಲ್ಲಿಯೇ ಸರಳ ಮಾರ್ಗ. ಸಾಣೆಗೆ ನೀರು ಅನಿವಾರ್ಯವಾದ್ದರಿಂದ ಗಟ್ಟಿಯಾದ ಅರ್ಥಿಂಗ್ ಹಾಗೂ 30 ಮಿಲಿಆಂಪಿಯರ್ ಸೋರಿಕೆ ರಕ್ಷಕವಿರಬೇಕು.

ಲೆಕ್ಕಪತ್ರ: ಬ್ರಷ್, ಬೇರಿಂಗ್, ಪೊಟೆನ್ಶಿಯೊಮೀಟರುಗಳ ಬದಲಾವಣೆಯು ಸಾಮಾನ್ಯವಾಗಿ ಚಾಲ್ತಿ ದುರಸ್ತಿಯಾಗಿದ್ದು, ಲಾಭ-ನಷ್ಟ ಖಾತೆಗೆ ಹೋಗುತ್ತದೆ. ಇಡೀ ಯಂತ್ರವನ್ನೇ ಬದಲಿಸಿದರೆ ಅದು ಬಂಡವಾಳ ವೆಚ್ಚ. ಅದರ ಮೇಲೆ ಸವಕಳಿ ಮಾತ್ರ ದೊರೆಯುತ್ತದೆ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಯಂತ್ರವು ಕೇವಲ ಹವ್ಯಾಸಕ್ಕಾಗಿದ್ದರೆ ಅದರ ದುರಸ್ತಿಯನ್ನು ವ್ಯಾಪಾರದ ಖರ್ಚೆಂದು ತೋರಿಸಲಾಗದು, ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಯೂ ದೊರೆಯದು. ಆದುದರಿಂದ ಬಿಲ್ಲಿನಲ್ಲಿ ಬದಲಿಸಿದ ಭಾಗದ ಹೆಸರನ್ನು ಸ್ಪಷ್ಟವಾಗಿ ಬರೆಯಿಸಿ ಕಾದಿರಿಸುವುದು ಲೇಸು.