ಬಿದ್ದ ಮರ ಒಲೆಗೋ, ಪಾರ್ಕಿಗೋ?

ಕೋಡಿಹಳ್ಳಿ: ಗಾಳಿಮಳೆಗೆ ರಸ್ತೆಬದಿಯ ಮರವೊಂದು ಉರುಳಿತು ಅನ್ನಿ. ಬಸ್ಸು ನಿಲ್ಲುತ್ತದೆ, ಜನ ಸೇರುತ್ತಾರೆ, ಮೋಟಾರು ಗರಗಸ ಭರ್ರೆನ್ನುತ್ತದೆ. ದಿಮ್ಮಿ ಹರಾಜಿಗೆ, ರೆಂಬೆ ಒಲೆಗೆ. ಅಲ್ಲಿಗೆ ಮರದ ಕಥೆ ಮುಗೀತು!

ಮುಗಿಯಲೇಬೇಕೆ? ಬೆಂಗಳೂರಿನ ಲಾಲ್‌ಬಾಗಿಗೆ ಹೋದವರು ನೋಡಿರಬೇಕು. 1760ರಲ್ಲಿ ಹೈದರಾಲಿ ಶುರುಮಾಡಿದ ಆ ತೋಟದಲ್ಲಿ ಉರುಳಿದ ಹಳೇ ಮರಗಳ ಬೊಡ್ಡೆಗಳೇ ಶಿಲ್ಪಗಳಾಗಿವೆ. ಸೌದೆಯಾಗಬೇಕಿದ್ದದ್ದು ಜನ ನಿಂತು ನೋಡುವ ವಸ್ತುವಾಯಿತು.

ಹೊರದೇಶಗಳಲ್ಲಿ ಇಂಥ ಕೆತ್ತನೆಗೆ ಮೋಟಾರು ಗರಗಸವೇ ಉಳಿ. ಉಳಿ-ಸುತ್ತಿಗೆಗೆ ದಿನಗಟ್ಟಲೆ ಹಿಡಿಯುವ ಒರಟು ಆಕಾರ ಬೇಗ ಮೂಡುತ್ತದೆ. ಆದರೆ ಹುಡುಗಾಟವಲ್ಲ ಸ್ವಾಮಿ! ಅಲಗಿನ ತುದಿ ಮರಕ್ಕೆ ತಗುಲಿದರೆ ಗರಗಸ ಮುಖಕ್ಕೇ ಚಿಮ್ಮುತ್ತದೆ. ಪಳಗಿದ ಕೈಯೇ ಬೇಕು.

ಕಸುಬಿಗೆ ಈ ಸೀಮೆಯಲ್ಲೇನು ಬರ? ಚನ್ನಪಟ್ಟಣ ದೂರವೇನಲ್ಲ. ಆಲೆ ಮರವನ್ನು ಲೇತಿಗೆ ಕೊಟ್ಟು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುವ ಕೈಗಳು ಅಲ್ಲಿವೆ. ದೊಡ್ಡ ಬೊಡ್ಡೆಯ ಕೆಲಸವೇ ಬೇರೆ, ನಿಜ. ಆದರೂ ಮರದ ಗುಣ ಬಲ್ಲವರು ಅವರು.

ಹಸಿ ಮರ ಒಣಗುವಾಗ ಬಿರಿಯುತ್ತದೆ, ಮಣ್ಣಿಗೆ ತಾಗಿದರೆ ಗೆದ್ದಲು. ಅದಕ್ಕೇ ಕಲ್ಲಿನ ಕಟ್ಟೆ ಬೇಕು, ಆಗಾಗ ಎಣ್ಣೆ ಬಳಿಯಬೇಕು. ಕನಕಪುರ ಸೀಮೆಯಲ್ಲಿ ಕಲ್ಲಿಗೆ ಕೊರತೆಯೇ!

ನಿಂತ ಮರಕ್ಕೆ ಕೊಡಲಿ ಹಾಕುವ ಮಾತಲ್ಲ ಇದು. ಅದಕ್ಕೆ 1976ರ ಮರ ಸಂರಕ್ಷಣಾ ಕಾಯಿದೆ ಇದೆ. ತಾನಾಗಿ ಬಿದ್ದದ್ದರಲ್ಲಿ ಒಂದೇ ಒಂದು ಬೊಡ್ಡೆ ಹರಾಜಿನಿಂದ ಉಳಿದರೆ ಸಾಕು. ನೆರಳು ಕೊಟ್ಟ ಮರಕ್ಕೆ ಊರು ಅಷ್ಟಾದರೂ ಋಣ ತೀರಿಸಬೇಡವೇ? ಪಂಚಾಯಿತಿಯವರೇ, ಕೇಳಿಸಿತೇ?