ಬಜಪೆಯಿಂದ ಬೆಂಗಳೂರು: ಒಂದು ಗಂಟೆಯೋ, ಆರು ಗಂಟೆಯೋ?

ವಿಮಾನದಲ್ಲಿ ಹೋದರೆ ಬೆಂಗಳೂರಿಗೆ ಒಂದೇ ಗಂಟೆ ಎಂಬ ಮಾತು ವಾಮದಪದವು, ಸಿದ್ದಕಟ್ಟೆ, ಪುಂಜಾಲಕಟ್ಟೆ ಕಡೆಯ ಬೆಳೆಗಾರರಲ್ಲಿ ಈಗ ಸಾಮಾನ್ಯವಾಗಿದೆ. ಕಾಫಿ ಮಂಡಳಿಯ ಕೆಲಸ, ದೊಡ್ಡ ಆಸ್ಪತ್ರೆ, ಮಕ್ಕಳ ವಿದ್ಯಾಭ್ಯಾಸ ಎಂದು ನಮ್ಮಲ್ಲಿ ಅನೇಕರಿಗೆ ಬೆಂಗಳೂರಿನ ದಾರಿ ತಪ್ಪಿದ್ದಲ್ಲ. ಆದುದರಿಂದ ಈ ಒಂದು ಗಂಟೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ.

ಬಜಪೆ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರಿನಲ್ಲಿ. ಅಲ್ಲಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ನೇರ ರೇಖೆಯಲ್ಲಿ ಸುಮಾರು 305 ಕಿ.ಮೀ. ಹೆಚ್ಚುಕಡಿಮೆ ನೇರ ಪೂರ್ವಕ್ಕೆ ಹಾರಿದಂತೆ. ಮಂಗಳೂರಿನಿಂದ ಶಿರಾಡಿ ಮಾರ್ಗವಾಗಿ ರಸ್ತೆ ಸುಮಾರು 350 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ಜೆಟ್ಟಿಗೆ ಈ ದೂರ 25 ನಿಮಿಷದ್ದೂ ಅಲ್ಲ, 500 ಕಿ.ಮೀ. ವೇಗದ ರೆಕ್ಕೆಗಾಲಿಯ ಸಣ್ಣ ವಿಮಾನಕ್ಕೂ 40 ನಿಮಿಷ ಸಾಕು. ಆದರೂ ವೇಳಾಪಟ್ಟಿಯಲ್ಲಿ ಒಂದು ಗಂಟೆಯ ಆಸುಪಾಸು ಕಾಣುವುದೇಕೆ? ವಿಮಾನ ನಿಂತಲ್ಲಿಂದ ಕದಲಿದಲ್ಲಿಂದ ತೊಡಗಿ, ಇನ್ನೊಂದು ಕಡೆ ಬಂದು ನಿಲ್ಲುವ ತನಕದ ಹೊತ್ತು ಅದು. ಇಷ್ಟು ಹತ್ತಿರದ ಹಾರಾಟದಲ್ಲಿ ಏರುವುದಕ್ಕೂ ಇಳಿಯುವುದಕ್ಕೂ ದೊಡ್ಡ ಪಾಲು ಹೋಗುತ್ತದೆ. ಪೂರ್ಣ ವೇಗದಲ್ಲಿ ಹಾರುವ ಅವಕಾಶ ಸ್ವಲ್ಪವೇ.

ಇನ್ನು ಮನೆಯಿಂದ ಲೆಕ್ಕ ಹಾಕುವ. ಬಜಪೆಗೆ ಒಂದು ಗಂಟೆ. ಎರಡು ಗಂಟೆ ಮೊದಲು ಅಲ್ಲಿರುವುದು ಕ್ಷೇಮ. ಹಾರಾಟ ಒಂದು ಗಂಟೆ. ಸಾಮಾನು ಕೈಗೆ ಬರಲು ಅರ್ಧ ಗಂಟೆ. ದೇವನಹಳ್ಳಿಯಿಂದ ಪೇಟೆಯೊಳಗೆ ಒಂದೂವರೆ ಗಂಟೆ. ಒಟ್ಟು ಆರು! 2008ರ ಮೇ ತಿಂಗಳವರೆಗೆ ವಿಮಾನಗಳು ಇಳಿಯುತ್ತಿದ್ದುದು ಪೇಟೆಗೆ ಹತ್ತಿರದ ಎಚ್.ಎ.ಎಲ್. ನಿಲ್ದಾಣದಲ್ಲಿ. ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಹಾರಾಟದ ಹೊತ್ತು ಅಷ್ಟೇ ಉಳಿಯಿತು, ಪ್ರಯಾಣ ಮಾತ್ರ ಉದ್ದವಾಯಿತು.

ಬಿ.ಸಿ. ರೋಡಿನಿಂದ ರಾತ್ರಿ ಬಸ್ಸು ಹಿಡಿದರೆ ಮನೆಯಿಂದ ಎಂಟೊಂಬತ್ತು ಗಂಟೆ. ಉಳಿತಾಯ ಮೂರು ಗಂಟೆಗೆ ಮೀರದು. ಅದೂ ಬಸ್ಸಿನ ಹೊತ್ತು ನಿದ್ದೆಯ ಹೊತ್ತು, ವಿಮಾನದ್ದು ಹಗಲು. ಮಳೆ ಬಿಟ್ಟ ದಿನ ಅಡಿಕೆಗೆ ಮದ್ದು ಬಿಡಲು ಕಾದಿರುವವನಿಗೆ ಒಂದು ಹಗಲಿನ ಬೆಲೆ ಏನೆಂದು ಹೇಳಬೇಕಾಗಿಲ್ಲ.

ಹಾಗಾದರೆ ವಿಮಾನ ಬೇಡವೆ? ಹಾಗಲ್ಲ. 2018ರ ಆಗಸ್ಟಿನಲ್ಲಿ ಶಿರಾಡಿ ಕುಸಿದಾಗ ಘಾಟಿಯ ರೈಲುಹಾದಿಯೂ ಕೆಟ್ಟಿತು. ಮರುವರ್ಷ ಅದೇ ತಿಂಗಳು ಚಾರ್ಮಾಡಿ ಮುಚ್ಚಿತು. ಅಂಥ ಹೊತ್ತಿನಲ್ಲಿ ಗುಡ್ಡ ಜರಿದರೂ ಉಳಿಯುವ ದಾರಿ ಆಕಾಶದ್ದೇ. ಎಂಟು ಗಂಟೆ ಕುಳಿತು ಹೋಗಲಾರದ ವೃದ್ಧರಿಗೂ, ವೈದ್ಯರು ಅನುಮತಿಸಿದ ರೋಗಿಗಳಿಗೂ ಅದು ಉಪಕಾರಿ.

ಒಂದು ಎಚ್ಚರಿಕೆ. ಬಜಪೆಯ ನಿಲ್ದಾಣ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು. ಈಗಿನ 2,450 ಮೀಟರ್ ಓಡುದಾರಿಯ ತುದಿಗಳಲ್ಲಿ ಇಳಿಜಾರು. 2010ರ ಮೇ 22ರಂದು 158 ಜನ ತೀರಿಕೊಂಡ ದುರಂತವನ್ನು ನಮ್ಮ ಜಿಲ್ಲೆ ಮರೆತಿಲ್ಲ. ಮಳೆ ಮೋಡ ಕವಿದು ಓಡುದಾರಿ ಕಾಣಿಸದಿದ್ದರೆ ವಿಮಾನ ಇಳಿಯದೆ ಬೇರೆ ಊರಿಗೆ ಹೋಗುವುದುಂಟು. ಅದು ಸರಿಯಾದ ಕ್ರಮವೇ. ಆದುದರಿಂದ ಮಳೆಗಾಲದಲ್ಲಿ ಹೊತ್ತು ನಿಗದಿಯಾದ ಕೆಲಸವಿದ್ದರೆ ಹಿಂದಿನ ದಿನವೇ ಹೊರಡಿರಿ. ಘಾಟಿ ತೆರೆದಿದ್ದು ದೇಹ ಗಟ್ಟಿ ಇದ್ದರೆ ರಾತ್ರಿ ಬಸ್ಸೇ ಸಾಕು.