ಕಾಡಿಗೆ ಮೊದಲು ಹೆಸರಿಟ್ಟವರು ಯಾರು?

ಮಲೆನಾಡಿನ ರೈತನಿಗೆ ಕಾಡೆಲ್ಲವೂ ಒಂದೇ ಅಲ್ಲ. ಮರಗಳು ಒತ್ತೊತ್ತಾಗಿ ಬೆಳೆದು ಸದಾ ಹಸುರಾಗಿರುವುದು ಅವನಿಗೆ ಕಾನು. ಹುಲ್ಲು ಬೆಳೆದ ಬಯಲು ಬ್ಯಾಣ. ಅಡಕೆಯ ತೋಟಕ್ಕೆ ಸೊಪ್ಪು ತರುವ ಜಾಗ ಸೊಪ್ಪಿನಬೆಟ್ಟ. ಈ ಹೆಸರುಗಳನ್ನು ಮೊದಲು ಇಟ್ಟವರು ಯಾರು, ಯಾವ ವರ್ಷ ಇಟ್ಟರು ಎಂದು ಯಾರೂ ಕೇಳುವುದಿಲ್ಲ. ಊರಿನವರಿಗೆ ಅರ್ಥವಾದರೆ ಸಾಕು. ಆದರೆ ಒಂದೇ ಬಗೆಯ ಕಾಡನ್ನು ಹತ್ತು ದೇಶಗಳ ಸಸ್ಯಶಾಸ್ತ್ರಜ್ಞರು ಅಭ್ಯಸಿಸಿ, ಒಬ್ಬೊಬ್ಬರೂ ಒಂದೊಂದು ಹೆಸರನ್ನು ಕೊಟ್ಟರೆ ಏನಾಗಬಹುದು? ಯಾವ ಹೆಸರನ್ನು ಉಳಿಸಿಕೊಳ್ಳಬೇಕು? ಯಾರ ಮಾತು ಮೊದಲನೆಯದು? ಯೂರೋಪಿನ ವಿಜ್ಞಾನಿಗಳಿಗೆ ಈ ಪ್ರಶ್ನೆ ಎದುರಾಯಿತು. ಅವರು ಅದಕ್ಕೆ ಕಂಡುಕೊಂಡ ಉತ್ತರವನ್ನು ಇಲ್ಲಿ ನೋಡೋಣ.

ಗಿಡಮರಗಳು ಮನಬಂದಂತೆ ಎಲ್ಲೆಂದರಲ್ಲಿ ಬೆಳೆಯುವುದಿಲ್ಲ. ಮಣ್ಣು, ನೀರು, ಬೆಳಕು, ಚಳಿ ಇವುಗಳ ಒಂದು ನಿರ್ದಿಷ್ಟ ಹದಕ್ಕೆ ಒಗ್ಗುವ ಸಸ್ಯಗಳು ಮತ್ತೆ ಮತ್ತೆ ಜೊತೆಯಾಗಿಯೇ ಕಾಣಸಿಗುತ್ತವೆ. ಇಂತಹ ಕೂಟವೇ ಸಸ್ಯಸಮುದಾಯ. 1910ರಲ್ಲಿ ಬ್ರಸೆಲ್ಸ್ ನಗರದಲ್ಲಿ ನೆರೆದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನವು ಇದರ ಮೂಲ ಘಟಕವಾದ ‘ಅಸೋಸಿಯೇಷನ್’ ಎಂಬುದಕ್ಕೆ ಲಕ್ಷಣವನ್ನು ಹೇಳಿತು. ಸ್ವಿಟ್ಸರ್ಲೆಂಡಿನ ಜೋಸಿಯಾಸ್ ಬ್ರೌನ್-ಬ್ಲಾಂಕೆ (1884-1980) ಈ ಅಭ್ಯಾಸಕ್ಕೆ ಒಂದು ಖಚಿತವಾದ ವಿಧಾನವನ್ನು ಹಾಕಿಕೊಟ್ಟರು. ಅಭ್ಯಾಸಿಯು ಕಾಡಿನಲ್ಲೋ ಹುಲ್ಲುಗಾವಲಿನಲ್ಲೋ ಒಂದು ತುಂಡು ನೆಲವನ್ನು ಗುರುತುಮಾಡಿ, ಅಲ್ಲಿರುವ ಪ್ರತಿಯೊಂದು ಸಸ್ಯಜಾತಿಯ ಹೆಸರನ್ನೂ ಬರೆದುಕೊಳ್ಳುತ್ತಾನೆ. ಅದು ಎಷ್ಟು ನೆಲವನ್ನು ಮುಚ್ಚಿದೆ ಎಂಬುದಕ್ಕೆ ಅಂಕಿ ಕೊಡುತ್ತಾನೆ. ಮುಕ್ಕಾಲು ಪಾಲಿಗಿಂತ ಹೆಚ್ಚು ನೆಲವನ್ನು ಮುಚ್ಚಿದ್ದರೆ 5 ಎಂಬ ಅಂಕಿ. ಈ ಕ್ಷೇತ್ರಪಟ್ಟಿಗೆ ಫ್ರೆಂಚ್ ಭಾಷೆಯಲ್ಲಿ ‘ರೆಲವೆ’ ಎಂದು ಹೆಸರು. ಇಂತಹ ನೂರಾರು ಪಟ್ಟಿಗಳನ್ನು ಹೋಲಿಸಿ ನೋಡಿದಾಗ ಸಮುದಾಯಗಳ ರೂಪ ತಿಳಿದುಬರುತ್ತದೆ.

ಹೆಸರಿಡುವ ಕ್ರಮ ಸರಳವಾದದ್ದು. ತೆಂಗಿನ ಗುಂಪಿಗೆ ನಾವು ತೆಂಗಿನ ತೋಪು ಎನ್ನುವಂತೆ, ಲ್ಯಾಟಿನ್ ಭಾಷೆಯಲ್ಲಿ ಮರದ ಹೆಸರಿಗೆ ‘ಏಟಂ’ ಎಂಬ ಪ್ರತ್ಯಯವನ್ನು ಸೇರಿಸಿದರೆ ಆ ಮರದ ತೋಪು ಎಂದಾಗುತ್ತದೆ. ಬೀಚ್ ಮರದ ಕುಲನಾಮ ‘ಫೇಗಸ್’. ಅದರ ಅಸೋಸಿಯೇಷನ್ ‘ಫೇಗೇಟಂ’. ಇದಕ್ಕಿಂತ ಮೇಲಿನ ವರ್ಗಗಳಿಗೆ ಕ್ರಮವಾಗಿ ‘ಇಯಾನ್’, ‘ಏಟಾಲಿಯ’, ‘ಏಟಿಯ’ ಎಂಬ ಪ್ರತ್ಯಯಗಳು. ಹೆಸರಿನ ಮುಂದೆ ಅದನ್ನು ಕೊಟ್ಟವರ ಹೆಸರೂ ವರ್ಷವೂ ಬರಬೇಕು.

ಬೀಚ್ ಕಾಡುಗಳಲ್ಲಿ ಮೇಲೆ ನೋಡಿದರೆ ಎಲ್ಲೆಡೆಯೂ ಅದೇ ಮರ. ಭೇದ ಕಾಣುವುದು ನೆಲದಲ್ಲಿ. ಆಮ್ಲಗುಣದ ಬಡ ಮಣ್ಣಿನ ಮೇಲೆ ಹುಲ್ಲಿನಂತಹ ‘ಲೂಜುಲ’ ಬೆಳೆದಿದ್ದರೆ ಅದು ಲೂಜುಲೊ-ಫೇಗೇಟಂ. ಆಮ್ಲವು ಹೆಚ್ಚಿಲ್ಲದ ಫಲವತ್ತಾದ ಮಣ್ಣಿನಲ್ಲಿ ಬಿಳಿ ಹೂವಿನ ಒಂದು ಚಿಕ್ಕ ಸಸ್ಯ ಕಾಣುತ್ತದೆ. ಅದು ನಮ್ಮ ಕಾಫಿಯ ಕುಟುಂಬಕ್ಕೇ ಸೇರಿದ್ದು. ಒಣಗಿದಾಗ ಹೊಸ ಹುಲ್ಲಿನ ಕಂಪನ್ನು ಬೀರುತ್ತದೆ. ಲಿನೇಯಸ್ ಅದಕ್ಕೆ ಆಸ್ಪೆರುಲ ಒಡೊರೇಟ ಎಂದು ಹೆಸರಿಟ್ಟಿದ್ದನು. ಆದುದರಿಂದ ಆ ಕಾಡು ಆಸ್ಪೆರುಲೊ-ಫೇಗೇಟಂ ಎನಿಸಿತು.

ಹೆಸರುಗಳು ಹೀಗೆ ಸುಲಭವಾಗಿ ಹುಟ್ಟುವುದರಿಂದಲೇ ತೊಡಕೂ ಹುಟ್ಟಿತು. ಒಂದೇ ಸಮುದಾಯಕ್ಕೆ ಹಲವು ಹೆಸರುಗಳು ಬಂದವು. ಬೇರೆ ಬೇರೆ ಸಮುದಾಯಗಳಿಗೆ ಒಂದೇ ಹೆಸರು ಬಿದ್ದುದೂ ಉಂಟು. ಈ ಗೊಂದಲವನ್ನು ನೀಗಿಸಲು ಬಾರ್ಕ್‌ಮನ್, ಮೊರಾವೆಟ್ಸ್, ರೌಶರ್ಟ್ ಎಂಬ ಮೂವರು ಸಿದ್ಧಪಡಿಸಿದ ಅಂತರರಾಷ್ಟ್ರೀಯ ನಿಯಮಾವಳಿ 1976ರಲ್ಲಿ ಪ್ರಕಟವಾಯಿತು. ಅದರ ನಾಲ್ಕನೆಯ ಆವೃತ್ತಿ 2021ರಿಂದ ಜಾರಿಯಲ್ಲಿದೆ. ಇದರ ಜೀವಾಳ ಒಂದೇ ಮಾತು: ನಿಯಮಬದ್ಧವಾಗಿ ಮೊದಲು ಪ್ರಕಟವಾದ ಹೆಸರೇ ಸರಿಯಾದ ಹೆಸರು. ಇದೇ ಆದ್ಯತೆಯ ತತ್ತ್ವ.

ಇಲ್ಲಿ ‘ಮೊದಲು’ ಎಂದರೇನು? ಮೊದಲು ಕಂಡವನೆಂದೇ? ಅಲ್ಲ. ಮೊದಲು ಸಭೆಯಲ್ಲಿ ಹೇಳಿದವನೆಂದೇ? ಅದೂ ಅಲ್ಲ. ಹೆಸರು ಮೂರು ಬಾಗಿಲುಗಳನ್ನು ದಾಟಿ ಬರಬೇಕು.

ಮೊದಲನೆಯದು, ಅದು ನಿಜವಾಗಿ ಪ್ರಕಟವಾಗಿರಬೇಕು. ಎಂದರೆ ಅಚ್ಚಾಗಿ ಇತರರ ಕೈಗೆ ಸಿಗುವಂತಿರಬೇಕು. ದಿನಚರಿಯಲ್ಲಿ ಬರೆದಿಟ್ಟ ಹೆಸರಿಗೂ ಭಾಷಣದಲ್ಲಿ ಆಡಿದ ಹೆಸರಿಗೂ ಬೆಲೆಯಿಲ್ಲ. ಈಗಿನ ಆವೃತ್ತಿಯು ವಿದ್ಯುನ್ಮಾನ ಪ್ರಕಟಣೆಯನ್ನೂ ಒಪ್ಪುತ್ತದೆ. ಪುಸ್ತಕದ ಮೇಲೆ ಅಚ್ಚಾದ ದಿನಾಂಕವನ್ನೇ ಸಾಮಾನ್ಯವಾಗಿ ನಂಬಲಾಗುತ್ತದೆ. ಆದರೆ ಅದು ತಡವಾಗಿ ಹೊರಬಂದಿತೆಂದು ಸಾಕ್ಷ್ಯ ದೊರೆತರೆ ಹೊರಬಂದ ದಿನವೇ ಲೆಕ್ಕಕ್ಕೆ ಬರುತ್ತದೆ.

ಎರಡನೆಯದು, ಹೆಸರಿನೊಡನೆ ವಸ್ತುವೂ ಇರಬೇಕು. ಅಸೋಸಿಯೇಷನ್ನಿನ ಹೆಸರಿಗೆ ಕಡೆಯಪಕ್ಷ ಒಂದಾದರೂ ಕ್ಷೇತ್ರಪಟ್ಟಿಯ ಆಧಾರ ಬೇಕು. ಬರಿಯ ಹೆಸರನ್ನು ಬರೆದು ಬಿಟ್ಟರೆ ಅದನ್ನು ‘ಬತ್ತಲೆ ನಾಮ’ ಎಂದು ತಳ್ಳಿಹಾಕುತ್ತಾರೆ. 1979ರ ಆರಂಭದಿಂದ ಮತ್ತೊಂದು ಕಟ್ಟಳೆಯೂ ಸೇರಿದೆ: ಪಟ್ಟಿಗಳಲ್ಲಿ ಒಂದನ್ನು ‘ಮಾದರಿ’ಯೆಂದು ಗ್ರಂಥಕರ್ತನೇ ಗುರುತಿಸಬೇಕು. ಸಮುದಾಯಕ್ಕೆ ಹೊಲದ ಬದುವಿನಂತೆ ಗೆರೆಯೆಳೆದ ಎಲ್ಲೆಯಿಲ್ಲ; ಒಂದು ಇನ್ನೊಂದರಲ್ಲಿ ಕರಗಿಹೋಗುತ್ತದೆ. ಆದುದರಿಂದ ಹೆಸರನ್ನು ಎಲ್ಲೆಗೆ ಕಟ್ಟದೆ ಒಂದು ಪಟ್ಟಿಗೆ, ಗೂಟಕ್ಕೆ ಹಸುವನ್ನು ಕಟ್ಟುವಂತೆ, ಕಟ್ಟುತ್ತಾರೆ. ಮುಂದೆ ಯಾರಾದರೂ ಆ ಸಮುದಾಯವನ್ನು ಎರಡಾಗಿ ಸೀಳಿದರೆ, ಮಾದರಿಯ ಪಟ್ಟಿ ಯಾವ ಭಾಗದಲ್ಲಿದೆಯೋ ಹಳೆಯ ಹೆಸರು ಆ ಭಾಗಕ್ಕೆ ಸಲ್ಲುತ್ತದೆ. ಒಂದೇ ದರ್ಜೆಯ ಎರಡನ್ನು ಕೂಡಿಸಿದರೆ ಹಿರಿಯ ಹೆಸರು ಉಳಿಯುತ್ತದೆ.

ಮೂರನೆಯದು, ಅದೇ ಹೆಸರನ್ನು ಹಿಂದೆ ಬೇರೊಂದು ಸಮುದಾಯಕ್ಕೆ ಕೊಟ್ಟಿರಕೂಡದು. ಕೊಟ್ಟಿದ್ದರೆ ಎರಡನೆಯವನು ಹೊಸ ಹೆಸರನ್ನು ಹುಡುಕಬೇಕು.

ಈಗ ನಮ್ಮ ಬೀಚ್ ಕಾಡಿಗೆ ಮರಳೋಣ. ಯೂರೋಪಿನ ಅನೇಕ ಗ್ರಂಥಗಳಲ್ಲಿ ಅದರ ಹೆಸರು ‘ಗೇಲಿಯೊ ಒಡೊರೇಟಿ-ಫೇಗೇಟಂ ರ‍್ಯೂಬೆಲ್ 1930 ಎಕ್ಸ್ ಸೂಗ್ನೆ ಎಟ್ ಥಿಲ್ 1959’ ಎಂದು ಅಚ್ಚಾಗಿರುತ್ತದೆ. ಇಷ್ಟುದ್ದದ ಬಾಲವೇಕೆ? ‘ಎಟ್’ ಎಂದರೆ ‘ಮತ್ತು’. ‘ಎಕ್ಸ್’ ಎಂಬ ಪುಟ್ಟ ಶಬ್ದದಲ್ಲಿ ಒಂದು ಚರಿತ್ರೆಯೇ ಅಡಗಿದೆ. ಹೆಸರನ್ನು 1930ರಲ್ಲಿ ಸೂಚಿಸಿದವರು ಸ್ವಿಟ್ಸರ್ಲೆಂಡಿನ ರ‍್ಯೂಬೆಲ್; ಆದರೆ ಆ ಪ್ರಕಟಣೆ ನಿಯಮದ ಬೇಡಿಕೆಯನ್ನು ಪೂರೈಸಲಿಲ್ಲ. ಅದನ್ನು ಪೂರೈಸಿದವರು 1959ರಲ್ಲಿ ಬೆಲ್ಜಿಯಂನ ಸೂಗ್ನೆ ಮತ್ತು ಥಿಲ್. ಆದ್ಯತೆಯ ಗಡಿಯಾರ ನಡೆಯತೊಡಗುವುದು 1959ರಿಂದಲೇ ಹೊರತು 1930ರಿಂದಲ್ಲ. ಇದೇ ಸಮುದಾಯಕ್ಕೆ 1945ರಲ್ಲಿ ಬೇರೊಬ್ಬರು ಪಟ್ಟಿಸಹಿತವಾಗಿ ಬೇರೆ ಹೆಸರನ್ನು ಪ್ರಕಟಿಸಿದ್ದರೆಂದು ಊಹಿಸಿಕೊಳ್ಳಿ: ಸಾಮಾನ್ಯವಾಗಿ ಆ ಹೆಸರೇ ಗೆಲ್ಲುತ್ತಿತ್ತು. ರ‍್ಯೂಬೆಲರ ಶ್ರಮಕ್ಕೆ ‘ಎಕ್ಸ್’ ಮನ್ನಣೆಯನ್ನು ಕೊಡುತ್ತದೆ; ಆದರೆ ಹಕ್ಕನ್ನು ಕೊಡುವುದಿಲ್ಲ.

ಇನ್ನು ‘ಆಸ್ಪೆರುಲೊ’ ಹೋಗಿ ‘ಗೇಲಿಯೊ’ ಬಂದುದೇಕೆ? ಸ್ಕೋಪೊಲಿ ಎಂಬ ಸಸ್ಯಶಾಸ್ತ್ರಜ್ಞನು 1771ರಲ್ಲಿ ಆ ಚಿಕ್ಕ ಸಸ್ಯವನ್ನು ಗೇಲಿಯಂ ಕುಲಕ್ಕೆ ಸೇರಿಸಿದ್ದನು. ಇಂದಿನ ಸಸ್ಯಗ್ರಂಥಗಳು ಅದನ್ನೇ ಒಪ್ಪಿವೆ. ಆದರೆ 1992ರಲ್ಲಿ ಯೂರೋಪಿನ ರಾಷ್ಟ್ರಗಳು ವನ್ಯಜೀವಿಗಳ ನೆಲೆಗಳನ್ನು ಕಾಪಾಡಲು ಹೊರಡಿಸಿದ ಶಾಸನದ ಪಟ್ಟಿಯಲ್ಲಿ, 9130ನೆಯ ಸಂಖ್ಯೆಯ ಮುಂದೆ, ಹಳೆಯ ಆಸ್ಪೆರುಲೊ-ಫೇಗೇಟಂ ಎಂಬ ಹೆಸರೇ ಇದೆ. ಒಂದು ಕಾಡು ಆ ಹೆಸರಿಗೆ ಸಲ್ಲುತ್ತದೆಯೇ ಇಲ್ಲವೇ ಎಂಬುದರ ಮೇಲೆ ಅದಕ್ಕೆ ರಕ್ಷಣೆ ದೊರೆಯುವುದೂ ದೊರೆಯದಿರುವುದೂ ನಿಂತಿರಬಹುದು. ಅಧಿಕಾರಿಯ ಕಾಗದದಲ್ಲಿ ಒಂದು ಹೆಸರು, ವಿಜ್ಞಾನಿಯ ವರದಿಯಲ್ಲಿ ಇನ್ನೊಂದು. ಇವೆರಡರ ಸಂಬಂಧವನ್ನು ತಿಳಿದವರಿಲ್ಲದಿದ್ದರೆ ನಷ್ಟವಾಗುವುದು ಕಾಡಿಗೆ. ಹೆಸರುಗಳ ಚರಿತ್ರೆ ಬರಿಯ ಪಾಂಡಿತ್ಯವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದ್ಯತೆಯ ತತ್ತ್ವವನ್ನು ಕುರುಡಾಗಿ ಅನುಸರಿಸುವುದೂ ತರವಲ್ಲ. ಮರೆತುಹೋದ ಹೆಸರೊಂದು ಹಳೆಯ ಪುಸ್ತಕದಿಂದ ಎದ್ದುಬಂದು ಎಲ್ಲರೂ ಬಳಸುವ ಹೆಸರನ್ನು ಹೊರದೂಡಿದರೆ ಗೊಂದಲ ಹೆಚ್ಚುತ್ತದೆ. ಆದುದರಿಂದ ರೂಢಿಯ ಹೆಸರನ್ನು ‘ಸಂರಕ್ಷಿತ ನಾಮ’ವೆಂದು ಉಳಿಸಿಕೊಳ್ಳಲು ನಿಯಮದಲ್ಲಿಯೇ ಅವಕಾಶವಿದೆ. ಸಸ್ಯಜಾತಿಗಳ ನಾಮಕರಣಕ್ಕೆ ಇರುವ ಬೇರೆ ನಿಯಮಾವಳಿಯಲ್ಲಿಯೂ ಇಂತಹ ಅವಕಾಶವುಂಟು. ಅದರ ಫಲವನ್ನು ನಮ್ಮ ಕರಿಜಾಲಿಯೇ ಉಂಡಿದೆ. ಅಕೇಶಿಯ ಎಂಬ ಹೆಸರು ಹಿರಿತನದಿಂದ ಅದರ ಬಳಗಕ್ಕೆ ಸಲ್ಲತಕ್ಕದ್ದು. ಆದರೆ ಸುಮಾರು ಸಾವಿರ ಜಾತಿಗಳಿರುವ ಆಸ್ಟ್ರೇಲಿಯದ ಬಳಗಕ್ಕೆ ಆ ಹೆಸರನ್ನು ಉಳಿಸಬೇಕೆಂದು 2005ರ ವಿಯೆನ್ನಾ ಸಮ್ಮೇಳನ ತೀರ್ಮಾನಿಸಿತು. 2011ರ ಮೆಲ್ಬರ್ನ್ ಸಮ್ಮೇಳನ ಅದನ್ನು ಸ್ಥಿರಪಡಿಸಿತು. ಕರಿಜಾಲಿ ಈಗ ವಾಚೆಲಿಯ ನಿಲೋಟಿಕ.

ನಮ್ಮ ದೇಶದ ಕಾಡುಗಳನ್ನು ಬಹುಮಟ್ಟಿಗೆ ಬೇರೆ ಕ್ರಮದಿಂದ ವಿಂಗಡಿಸಿದ್ದಾರೆ. ಚಾಂಪಿಯನ್ ಎಂಬವರು 1936ರಲ್ಲಿ ರಚಿಸಿ, ಸೇಥ್ ಅವರೊಡನೆ 1968ರಲ್ಲಿ ಪರಿಷ್ಕರಿಸಿದ ವರ್ಗೀಕರಣವು ಮುಖ್ಯವಾಗಿ ಹವಾಗುಣವನ್ನೂ ಕಾಡಿನ ರೂಪವನ್ನೂ ಆಧರಿಸಿದೆ. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳನ್ನು ಅಭ್ಯಸಿಸಿದ ಪಾಸ್ಕಲ್ ಅವರು ಮುಖ್ಯ ಮರಗಳ ಹೆಸರುಗಳನ್ನು ಜೋಡಿಸಿ ಕಾಡಿನ ಬಗೆಗಳನ್ನು ಗುರುತಿಸಿದರು. ಯೂರೋಪಿನ ನಿಯಮಾವಳಿಯ ಹಿರಿತನದ ಸ್ಪರ್ಧೆ ಈ ಹೆಸರುಗಳಿಗಿಲ್ಲ. ಆದರೆ ಅದು ಕಲಿಸುವ ಪಾಠ ಎಲ್ಲೆಡೆಯೂ ಸಲ್ಲುತ್ತದೆ. ನೀವು ಒಂದು ಕಾನನ್ನು ಅಭ್ಯಸಿಸಲು ಹೊರಟರೆ, ಅಲ್ಲಿನ ಸಸ್ಯಗಳ ಪಟ್ಟಿಯನ್ನೂ ಸ್ಥಳವನ್ನೂ ದಿನಾಂಕವನ್ನೂ ತಪ್ಪದೆ ಬರೆದಿಡಿ. ನಿಮಗಿಂತ ಹಿಂದೆ ಅಲ್ಲಿಗೆ ಬಂದವರು ಏನು ಬರೆದಿದ್ದಾರೆಂದು ಹುಡುಕಿ ಓದಿ. ನೀವು ಕೊಡುವ ಹೆಸರು ಮುಂದೆ ಬದಲಾಗಬಹುದು. ಆಗಲೂ ನಿಮ್ಮ ಪಟ್ಟಿಯನ್ನು ಕೈಯಲ್ಲಿ ಹಿಡಿದವನು, ನೀವು ನಿಂತು ನೋಡಿದ ಕಾಡು ಎಂತಹುದೆಂದು ತಿಳಿಯಬಲ್ಲನು.